ಪೆಟ್ಟಿಬೋನ್ ಕ್ಷಮಿಸಿದ ದಿನ

ಚರ್ಚಿನ ಊಟದ ಸಭಾಂಗಣವೇ ಆ ಊರಿನ ಮತಗಟ್ಟೆ. ಅಡೆಲಾ ಕ್ರೆನೆಕ್ ಕಾರಿನಿಂದಿಳಿದು ಗಂಡ ಎರ್ವಿನ್‌ನ ಹಿಂದೆ ನಡೆದಳು. ಪ್ರಚಾರ ಇದನ್ನು ದಾಟಬಾರದೆಂದು ನೆಟ್ಟಿದ್ದ ಕಿತ್ತಳೆ ಬಣ್ಣದ ಗುರುತಿನಾಚೆ, ಓಕ್ ಮರದ ಕೆಳಗೆ, ಪೆಟ್ಟಿಬೋನ್ ಕಡೆಯವರು ಸಾಸೇಜ್ ಸುಡುತ್ತಿದ್ದರು. ಮೇ ತಿಂಗಳ ಬಿಸಿಲಿಗೆ ಹೊಗೆ ಮೇಲೇಳದೆ ನೆಲಕ್ಕೇ ಅಂಟಿಕೊಂಡಿತ್ತು. ಅವಳು ಹಾದುಹೋಗುವಾಗ ಅಲ್ಲಿ ಮಾತು ನಿಂತಿತು. ದಾಟಿದ ಮೇಲೆ ಒಬ್ಬಳು ನಕ್ಕಳು.

ರಾಯ್ಸ್ ಪೆಟ್ಟಿಬೋನ್ ರಾಜ್ಯದ ಅಟಾರ್ನಿ ಜನರಲ್, ಸರ್ಕಾರದ ವಕೀಲರಿಗೆಲ್ಲ ಮುಖ್ಯಸ್ಥ. ಅವನ ಕಚೇರಿಗೆ ಯಾರು ಬರಬೇಕು, ಯಾವಾಗ ಬರಬೇಕು ಎಂಬುದನ್ನೆಲ್ಲ ಬಹಳ ವರ್ಷ ನೋಡಿಕೊಂಡವಳು ಅಡೆಲಾ. ಭೂವ್ಯವಹಾರದ ಗೆಳೆಯನೊಬ್ಬನ ಮೇಲಿನ ತನಿಖೆಯನ್ನು ಅವನು ಹೂತುಹಾಕಿದ್ದು, ಆ ಗೆಳೆಯ ಪೆಟ್ಟಿಬೋನ್‌ನ ಪ್ರೇಯಸಿಗೆ ಮನೆ ಮಾಡಿಕೊಟ್ಟದ್ದು, ಎರಡನ್ನೂ ಅವಳು ಅವನನ್ನು ಹುದ್ದೆಯಿಂದ ಇಳಿಸಬೇಕೇ ಎಂದು ಸೆನೆಟ್ ನಡೆಸಿದ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದಳು. ಸೆನೆಟ್ ಅವನನ್ನು ಬಿಟ್ಟುಬಿಟ್ಟಿತು. ಹೆಂಡತಿಯೂ ದೇವರೂ ತನ್ನನ್ನು ಕ್ಷಮಿಸಿದ್ದಾರೆಂದು ಅವನು ಚರ್ಚಿನಿಂದ ಚರ್ಚಿಗೆ ಹೇಳುತ್ತಾ ಹೋದ. ಅಡೆಲಾ ಕೆಲಸ ಕಳೆದುಕೊಂಡು ಗಂಡನ ಊರಿಗೆ ಬಂದಳು. ಬಂದಾಗ ಅವಳಿಗೊಂದು ಹೆಸರು ಕಾದಿತ್ತು: ಸುಳ್ಳಿ.

ಎದುರಿಗೆ ಯಾರೂ ಹಾಗೆ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು. ಎರ್ವಿನ್ ಕೂಡ ಆ ವಿಷಯವೆತ್ತಲಿಲ್ಲ. ನಿಜವೋ ಸುಳ್ಳೋ ಎಂದು ಒಂದು ಸಲ ಕೇಳಲೂ ಇಲ್ಲ. ಮೊದಲು ಅದು ಅವನ ಮರ್ಯಾದೆ ಎಂದುಕೊಂಡಿದ್ದಳು. ಕ್ರಮೇಣ ಆ ಮೌನದ ಒಳಗಿರುವುದೇನೆಂದು ನೋಡಲು ಅವಳಿಗೇ ಹೆದರಿಕೆಯಾಯಿತು.

ಈಗ ಅವಳಿಗೆ ಬೇಕಿದ್ದದ್ದು ಒಂದೇ. ಅಡೆಲಾ ಸುಳ್ಳು ಹೇಳಿರಲಿಲ್ಲ ಎಂದು ಯಾರದಾದರೂ ಬಾಯಲ್ಲಿ ಬರಬೇಕು. ಕೆಂಪು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಮಾರ್ಚಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದೆ ಇಂದು ಎರಡನೇ ಸುತ್ತು. ಪೆಟ್ಟಿಬೋನ್ ಎದುರು ನಿಂತವನು ಅದೇ ಪಕ್ಷದ ಮಾಜಿ ನ್ಯಾಯಾಧೀಶ ವೆಸ್ಟರ್‌ಮನ್. ಅವನ ಟಿ.ವಿ. ಜಾಹೀರಾತಿನಲ್ಲಿ ಅಡೆಲಾಳ ಮುಖವಿತ್ತು: 'ನಾನು ಅವರಿಗಾಗಿ ದುಡಿದವಳು. ನಮ್ಮ ಪಕ್ಷಕ್ಕೆ ಇವರು ಬೇಡ.' ಮತ ಹಾಕಿದವರಿಗೆ ಕೊಡುವ ಚೀಟಿಯನ್ನು ಎದೆಗೆ ಅಂಟಿಸಿಕೊಂಡು ಅವಳು ಹೊರಬರುವ ಚಿತ್ರ ತೆಗೆಯಲು ಅವನ ಕಡೆಯ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಗುರುತಿನಾಚೆ ನಿಂತಿದ್ದಳು.

ಆದರೆ ಆ ಹುಡುಗಿಗೂ ವೆಸ್ಟರ್‌ಮನ್‌ಗೂ ಅಡೆಲಾ ಒಂದು ಮಾತು ಹೇಳಿರಲಿಲ್ಲ.

ಮಾರ್ಚಿನಲ್ಲಿ ಎರ್ವಿನ್‌ನ ತಮ್ಮ ಲೆನಾರ್ಡ್, ಅಲ್ಲಿ ಮತ ಹಾಕಿ ಆರಿಸುವ ಕಾನ್‌ಸ್ಟೆಬಲ್ ಹುದ್ದೆಗೆ ನಿಂತಿದ್ದ. ಆ ಭಾಗದಲ್ಲಿ ಅಂಥ ಸಣ್ಣ ಹುದ್ದೆಗಳೆಲ್ಲ ಅಜ್ಜಂದಿರ ಕಾಲದಿಂದ ನೀಲಿ ಪಕ್ಷದ ಒಳಚುನಾವಣೆಯಲ್ಲೇ ತೀರ್ಮಾನವಾಗುತ್ತಿದ್ದವು. ಎರ್ವಿನ್‌ನ ಅಕ್ಕ ಮಿಲ್ಡ್ರೆಡ್ ಗಸಗಸೆ ಹೂರಣದ ಕೊಲಾಚೆ ಬನ್ನುಗಳ ತಟ್ಟೆ ಹಿಡಿದು ಮನೆಗೆ ಬಂದು, 'ರಕ್ತಸಂಬಂಧ ಕಣೇ, ಒಂದು ಸಲ ಆ ಕಡೆ ಹಾಕಿದ್ರೆ ಕೈ ಸವೆಯಲ್ಲ' ಎಂದಿದ್ದಳು. ಒಂದು ಪಕ್ಷದ ಒಳಚುನಾವಣೆಯಲ್ಲಿ ಮತ ಹಾಕಿದವರು ಎರಡನೇ ಸುತ್ತಿಗೆ ಇನ್ನೊಂದು ಪಕ್ಷಕ್ಕೆ ಹಾರುವಂತಿಲ್ಲ. ಅದು ಅಡೆಲಾಗೆ ಗೊತ್ತಿತ್ತು. ಆದರೆ ಎರಡನೇ ಸುತ್ತು ಬರುವುದೇ ಇಲ್ಲ, ಪೆಟ್ಟಿಬೋನ್ ಮಾರ್ಚಿನಲ್ಲೇ ಮಣ್ಣು ಮುಕ್ಕುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಈ ಮನೆಯವರು ತನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ನೀಲಿ ಪಟ್ಟಿಗೆ ಸಹಿ ಹಾಕಿ ಮತ ಕೊಟ್ಟಳು. ಲೆನಾರ್ಡ್ ಹೀನಾಯವಾಗಿ ಸೋತ.

ಇವತ್ತು ಕೆಂಪು ಪಕ್ಷದ ಪರವಾಗಿ ಮತದಾರರ ಪಟ್ಟಿ ಹಿಡಿದು ಮೇಜಿನ ಹಿಂದೆ ಕೂತಿದ್ದವಳು ಮಿಲ್ಡ್ರೆಡ್. ಅವಳಿಗೆ ಎಲ್ಲ ಗೊತ್ತಲ್ಲ, ಸುಮ್ಮನೆ ದಾಟಿಸುತ್ತಾಳೆ ಎಂದು ಅಡೆಲಾ ನಂಬಿದ್ದಳು. ತಕರಾರಿರುವ ಮತವನ್ನು ಲಕೋಟೆಯಲ್ಲಿಟ್ಟು ತೆಗೆದುಕೊಳ್ಳುವ ಪದ್ಧತಿ ಇತ್ತು. ಆಮೇಲೆ ಅದನ್ನು ತಳ್ಳಿಹಾಕುತ್ತಾರೆ, ಆದರೆ ಚೀಟಿಯಂತೂ ಸಿಗುತ್ತದೆ.

ಎರ್ವಿನ್ ಗುರುತಿನ ಕಾರ್ಡು ಚಾಚಿದ. ಮಿಲ್ಡ್ರೆಡ್ ನೋಡಿ ಮತಪತ್ರ ಕೊಟ್ಟಳು. ಕೆಂಪು ಪಕ್ಷದ್ದು.

ಅಡೆಲಾ ಗಂಡನ ಮುಖ ನೋಡಿದಳು. "ಮಾರ್ಚಲ್ಲಿ ನೀನು ಲೆನಾರ್ಡ್‌ಗೆ ಹಾಕ್ಲಿಲ್ವಾ?"

ಅವನು ಮತಪತ್ರ ಹಿಡಿದು ಮತ ಹಾಕುವ ಮರೆಯ ಕಡೆ ನಡೆದ.

"ಮುಂದೆ ಬಾ, ಚಿನ್ನ," ಎಂದಳು ಮಿಲ್ಡ್ರೆಡ್.

ಅಡೆಲಾ ತನ್ನ ಕಾರ್ಡು ಮೇಜಿನ ಮೇಲಿಟ್ಟು ಬಾಗಿ ಪಿಸುಗುಟ್ಟಿದಳು. "ಮಿಲ್ಡ್ರೆಡ್, ನನಗೆ ಆ ಲಕೋಟೆ ಕೊಟ್ಬಿಡು. ಹಾಕಿ ಹೋಗ್ತೀನಿ. ಯಾರಿಗೂ ಗೊತ್ತಾಗೋದು ಬೇಡ."

"ಏನು ಗೊತ್ತಾಗೋದು ಬೇಡ?" ಮಿಲ್ಡ್ರೆಡ್ ಕನ್ನಡಕ ಏರಿಸಿದಳು. ಅವಳ ದನಿ ಅಡುಗೆಮನೆಯವರೆಗೂ ಹೋಯಿತು. "ಅಯ್ಯೋ, ಇಲ್ಲಿದೆಯಲ್ಲ! ಮಾರ್ಚಲ್ಲಿ ನೀನು ನೀಲಿ ಕಡೆ ಹಾಕಿದ್ದೀಯ. ಇವತ್ತು ನಮ್ಮದರಲ್ಲಿ ಕೈ ಆಡಿಸೋ ಹಾಗಿಲ್ಲಮ್ಮ."

ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಚಾಚಿದರು.

"ನೀನೇ ಹೇಳಿದ್ದಲ್ವಾ, ಲೆನಾರ್ಡ್‌ಗೆ..."

"ನಾನು ಕೇಳಿದೆ. ಕುತ್ತಿಗೆ ಹಿಡಿದು ಹಾಕಿಸಿದ್ನಾ?"

"ನೀನು ಹಾಕಿದ್ಯಾ?"

"ನಾನು ಈ ಮೇಜಿಗೆ ಕೂರಬೇಕಾದವಳು. ನಾನ್ಹೇಗೆ ಆ ಕಡೆ ಹೋಗ್ಲಿ?" ಮಿಲ್ಡ್ರೆಡ್ ನಗುತ್ತಾ ಸಾಲಿನತ್ತ ತಿರುಗಿದಳು. "ನೋಡ್ರಪ್ಪ, ಟಿ.ವಿ.ಯಲ್ಲಿ 'ನಮ್ಮ ಪಕ್ಷ, ನಮ್ಮ ಪಕ್ಷ' ಅಂತಾಳೆ. ಇಲ್ಲಿ ಬಂದು ಯಾರಿಗೂ ಗೊತ್ತಾಗೋದು ಬೇಡ ಅಂತಾಳೆ."

"ಸೆನೆಟ್ಟಲ್ಲೂ ಹಿಂಗೇ ಹೇಳಿರ್ಬೇಕು ಬಿಡಿ," ಎಂದಿತು ಹಿಂದಿನ ಒಂದು ಗಂಡುದನಿ. ಎಲ್ಲರೂ ನಕ್ಕರು. ತಡೆದಿಟ್ಟುಕೊಂಡು ಸಾಕಾಗಿದ್ದ ನಗು ಅದು.

ಅಡೆಲಾಗೆ ಲಕೋಟೆಯನ್ನು ಪಟ್ಟುಹಿಡಿದು ಕೇಳುವ ಹಕ್ಕಿತ್ತು. ಆದರೆ ಕೇಳಿದ್ದು ಹಕ್ಕಿಗಲ್ಲ, ತೋರಿಕೆಗೆ ಎಂಬುದು ಅವಳಿಗೇ ತಿಳಿದಿತ್ತು. ನಿಜಕ್ಕಾಗಿ ಎಲ್ಲ ಕಳೆದುಕೊಂಡವಳು ಒಂದು ಚೀಟಿಗಾಗಿ ನಟಿಸಲು ಬಂದಿದ್ದಳು. ಕಾರ್ಡು ಎತ್ತಿಕೊಂಡು ಹೊರಗೆ ಬಂದಳು.

ಸುದ್ದಿ ಅವಳಿಗಿಂತ ಮುಂಚೆ ಹೊರಬಿದ್ದಿತ್ತು. ಕ್ಯಾಮೆರಾದ ಹುಡುಗಿ ಫೋನು ಕಿವಿಗಿಟ್ಟುಕೊಂಡು ಬೆನ್ನು ತಿರುಗಿಸಿ ನಿಂತಿದ್ದಳು. ಮಾತು ಮುಗಿಸಿ ಹತ್ತಿರ ಬಂದಳು.

"ಮೇಡಂ, ನ್ಯಾಯಾಧೀಶರು ತುಂಬ ಬೇಜಾರು ಮಾಡ್ಕೊಂಡಿದ್ದಾರೆ. ಜಾಹೀರಾತು ಈಗಲೇ ತೆಗೀತಿದ್ದಾರೆ. ನೀವು ಸಂಜೆ ಫಲಿತಾಂಶದ ಹೊತ್ತಿಗೆ ನಮ್ಮ ಕಡೆ ಬರದೇ ಇದ್ರೆ ಒಳ್ಳೇದು."

"ನಾನು ಹೇಳಿದ್ದೆಲ್ಲ ನಿಜ ಅಲ್ವಾ? ಅದು ಅವರಿಗೆ ಗೊತ್ತಲ್ಲ?"

"ಅದು ಬೇರೆ ವಿಷ್ಯ, ಮೇಡಂ," ಎಂದು ಹುಡುಗಿ ಕ್ಯಾಮೆರಾ ಚೀಲದ ಜಿಪ್ ಎಳೆದಳು.

ಆಗಲೇ ಓಕ್ ಮರದ ಕಡೆಯಿಂದ ಚಪ್ಪಾಳೆ ಕೇಳಿಸಿತು. ಊರಿಂದೂರಿಗೆ ಸುತ್ತುತ್ತಿದ್ದ ಪೆಟ್ಟಿಬೋನ್‌ನ ಬಸ್ಸು ಬಂದು ನಿಂತಿತ್ತು. ಅವನು ಇಳಿದ, ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ನೇರವಾಗಿ ಅವಳ ಕಡೆ ಬಂದ. ಹಿಂದೆ ಜನ, ಫೋನುಗಳನ್ನು ಎತ್ತಿ ಹಿಡಿದ ಜನ. ಎರ್ವಿನ್ ಸಭಾಂಗಣದಿಂದ ಹೊರಬಂದು ಎದೆಯ ಮೇಲಿನ ಚೀಟಿ ಸರಿಮಾಡಿಕೊಳ್ಳುತ್ತಾ ಜನರ ಅಂಚಿಗೆ ನಿಂತ.

ಪೆಟ್ಟಿಬೋನ್ ಟೋಪಿ ತೆಗೆದ. "ಅಡೆಲಾ. ಚೆನ್ನಾಗಿದ್ದೀಯಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಈ ನಮ್ಮ ತಂಗಿಯ ಮೇಲೆ ಯಾರೂ ಕಲ್ಲೆಸೀಬೇಡಿ," ಅವನು ಜನರತ್ತ ತಿರುಗಿ ದನಿಯೆತ್ತಿದ. "ಇವಳು ನನ್ನ ಬಗ್ಗೆ ಏನೇನೋ ಹೇಳಿದ್ಳು, ನಿಮಗೆ ಗೊತ್ತು. ಯಾರೋ ಇವಳ ತಲೆ ಕೆಡಿಸಿದ್ರು. ನಾನೂ ತಪ್ಪು ಮಾಡಿದವನೇ, ನನ್ನನ್ನೂ ಕ್ಷಮಿಸಿದ್ದಾರೆ. ಇವತ್ತು ನಿಮ್ಮೆಲ್ಲರ ಮುಂದೆ ನಾನು ಇವಳನ್ನ ಕ್ಷಮಿಸ್ತೀನಿ."

ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಅವನು ಅಡೆಲಾಳ ಎರಡೂ ಕೈ ಹಿಡಿದ. ಬೆಚ್ಚಗಿನ, ಒಣಗಿದ ಕೈಗಳು. ಭೇಟಿಗೆ ಬಂದ ವಿಧವೆಯರ ಕೈಗಳನ್ನು ಅವು ಹೀಗೇ ಹಿಡಿಯುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು.

"ನಾನು ಸುಳ್ಳು ಹೇಳಲಿಲ್ಲ," ಎಂದಳು. ಜನರ ಗದ್ದಲದಲ್ಲಿ ಮಾತು ಅವನಿಗಷ್ಟೇ ಕೇಳಿಸಿತು.

ಅವನು ಅವಳನ್ನು ತಬ್ಬಿಕೊಂಡ. ಗಲ್ಲ ಅವಳ ಕೂದಲಿಗೆ ತಾಗಿತು. ಬಾಯಿ ಕಿವಿಯ ಹತ್ತಿರ ಬಂತು.

"ಇಲ್ಲ ಕಣೇ," ಎಂದ ಮೃದುವಾಗಿ, ಬಹಳ ದಿನದ ಪರಿಚಯದ ಸಲಿಗೆಯಲ್ಲಿ. "ಒಂದಕ್ಷರವೂ ಸುಳ್ಳಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆಮೇಲೆ ಅವಳನ್ನು ಬಿಟ್ಟು, ಟೋಪಿ ಮೇಲೆತ್ತಿ ಕೂಗಿದ: "ಆಮೆನ್!"

"ಆಮೆನ್," ಎಂದರು ಜನ. ಬಾಗಿಲಿಗೆ ಬಂದು ನಿಂತಿದ್ದ ಮಿಲ್ಡ್ರೆಡ್ಡೂ ಅಂದಳು. ಎರ್ವಿನ್ ಕೂಡ ತಲೆತಗ್ಗಿಸಿ, ಪ್ರಾರ್ಥನೆಯ ಕೊನೆಗೆ ಅನ್ನುವಂತೆ, ಸ್ಪಷ್ಟವಾಗಿ ಅಂದ.

ಯಾರೋ ಅವಳ ಕೈಗೆ ಸಾಸೇಜ್ ಸುತ್ತಿದ ಬ್ರೆಡ್ಡು ಕೊಟ್ಟರು. ಬೇಡವೆನ್ನಲು ಶಕ್ತಿ ಸಾಲದೆ ಹಿಡಿದುಕೊಂಡೇ ಕಾರು ಹತ್ತಿದಳು. ಎರ್ವಿನ್ ಹತ್ತಿ ಬಾಗಿಲು ಹಾಕಿಕೊಂಡ. ಕಾರು ಜೋಳದ ಹೊಲಗಳ ನಡುವಿನ ರಸ್ತೆಗೆ ಬಂತು.

"ಎರ್ವಿನ್, ಅವನೇ ಒಪ್ಕೊಂಡ," ಎಂದಳು. "ನನ್ನ ಕಿವಿಯಲ್ಲಿ ಹೇಳಿದ, ನಾನು ಸುಳ್ಳು ಹೇಳಿಲ್ಲ ಅಂತ. ಒಂದಕ್ಷರವೂ ಸುಳ್ಳಲ್ಲ ಅಂದ."

ಎರ್ವಿನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಆ ಮನುಷ್ಯ ನಿನ್ನನ್ನ ಕ್ಷಮಿಸಿದ್ದಾನೆ, ಅಡೆಲಾ," ಎಂದ. "ಮತ್ತೆ ಶುರು ಮಾಡ್ಬೇಡ."