ಡೆಡ್‌ಸ್ಟಾಕಿನ ಸೀರೆ

ಗೌರವ್ವ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸೀರೆಗಳ ಹಳೆಯ ಮಡಿಕೆ ಬಿಚ್ಚಿ ಬೇರೆ ಮಡಿಕೆ ಹಾಕುತ್ತಿದ್ದಳು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅರಿವೆ ಗೆರೆಗುಂಟ ಸೀಳುತ್ತದೆ. ಪದರದ ನಡುವೆ ಒಣಗಿದ ಬೇವಿನೆಲೆ ಇಟ್ಟು, ಅಂಗೈಯಿಂದ ಒತ್ತಿ, ಗೋಡೆಗೆ ಒಟ್ಟುತ್ತಿದ್ದಳು. ಬಾಗಿಲ ಪರದೆಯ ಆಚೆ ಅವಳ ಅಣ್ಣ ಶ್ರೀಶೈಲಪ್ಪ ಗಾದಿಯ ಮೇಲೆ ಕೂತು ಯಳವಿಯ ಶಿದ್ರಾಯನಿಗೆ ಚಹ ಕುಡಿಸುತ್ತಿದ್ದ.

ಇವು ಮಾರಾಟವಾಗದೆ ಉಳಿದ ಸೀರೆಗಳು. ಇವಕ್ಕೆ 'ಡೆಡ್‌ಸ್ಟಾಕ್' ಎಂಬ ಹೆಸರನ್ನು ಕೊಟ್ಟವನು ಸೊಲ್ಲಾಪುರದಿಂದ ಬರುತ್ತಿದ್ದ ಗಿರಣಿಯ ಏಜೆಂಟ. ಆ ಇಂಗ್ರಜಿ ಮಾತು ಶ್ರೀಶೈಲಪ್ಪನ ಬಾಯಿಗೆ ಭಾಳ ರುಚಿಸಿತು. ಕುಂಟ ಎತ್ತು ಡೆಡ್‌ಸ್ಟಾಕ್ ಆಯಿತು, ಕಡ್ಡಿ ಮುರಿದ ಕೊಡೆ ಡೆಡ್‌ಸ್ಟಾಕ್ ಆಯಿತು. ಎರಡು ವರ್ಷದ ಹಿಂದೆ ಗಂಡನನ್ನು ಕಳಕೊಂಡು ಗೌರವ್ವ ತವರೂರು ಜತ್ತಕ್ಕೆ ತಿರುಗಿ ಬಂದ ಮೇಲೆ, "ನಮ್ಮ ಮನ್ಯಾಗೂ ಒಂದು ಡೆಡ್‌ಸ್ಟಾಕ್ ಐತ್ರಿ" ಎಂದು ಗಿರಾಕಿಗಳ ಮುಂದೆ ನಕ್ಕಿದ್ದ. ಪರದೆಯ ಹಿಂದೆ ಅವಳು ಕೇಳಿಸಿಕೊಂಡಿದ್ದಳು.

ಆದರೆ ಆ ಮಾತು ಅವಳಿಗೆ ಹೊಸದಲ್ಲ. ಸಂಸ್ಥಾನದ ಕಾಲದಲ್ಲಿ ಅವಳು ನಾಲ್ಕನೆಯತ್ತೆ ಓದುತ್ತಿದ್ದಾಗ, ಸಾಲಿ ತಪಾಸಣೆಯ ದಿನ, ಮಾಸ್ತರರು ಡೆಡ್‌ಸ್ಟಾಕಿನ ಪಟ್ಟಿ ಓದಿದ್ದರು: ಗಂಟೆ ಒಂದು, ನಕಾಶೆ ಎರಡು, ಗಡಿಯಾರ ಒಂದು. "ಹಲಗಿಗೆ ಬರಿಯೂ ಖಡು, ಶಾಯಿ ಖರ್ಚಾಗಿ ಹೋಗತಾವ. ಇವು ಹೋಗೂವಲ್ಲ. ಇದರಾಗ ಒಂದು ಕಳದ್ರೂ ನನ್ನ ನೌಕರಿ ಹೋಗತದ" ಎಂದು ಹುಡುಗರನ್ನು ಹೆದರಿಸಿದ್ದರು. ಅಣ್ಣನಿಗೆ ಇದನ್ನು ಹೇಳಬೇಕೆಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

"ಹಂಗಾದ್ರ ಶುಕ್ರವಾರ ಸೀರಿ ಉಡಿಸಿಬಿಡೂಣು" ಎಂದ ಶ್ರೀಶೈಲಪ್ಪ, ಆಚೆಯಿಂದ.

ಗೌರವ್ವನ ಕೈ ನಿಂತಿತು. ಉಡಿಕೆಗೆ ಬಾಜಾ ಬೇಡ, ಅಕ್ಕಿಕಾಳು ಬೇಡ. ಗಂಡಸು ತಂದ ಹೊಸ ಸೀರೆಯನ್ನು ಕತ್ತಲಾದ ಮೇಲೆ ವಿಧವೆ ಉಟ್ಟಳೆಂದರೆ ಅವಳು ಅವನ ಹೆಂಡತಿ. ಶಿದ್ರಾಯನಿಗೆ ಐವತ್ತರ ಹತ್ತಿರ. ಮನೆಯಲ್ಲಿ ಮೂರು ಮಕ್ಕಳು, ಹಾಸಿಗೆ ಹಿಡಿದ ತಾಯಿ. ಒಲ್ಲೆನೆಂದು ಗೌರವ್ವ ತನ್ನ ಅವ್ವ ಕಾಳವ್ವನಿಗೆ ಎರಡು ಸಲ ಹೇಳಿದ್ದಳು. "ನಿಮ್ಮಣ್ಣಗ ಹೇಳವ್ವಾ" ಎಂದು ಕಾಳವ್ವ ಎರಡು ಸಲವೂ ಎದ್ದು ಹೋಗಿದ್ದಳು.

"ಸೀರಿ ನೀವ ಕೊಡ್ರೆಲಾ ಸಾವ್ಕಾರ್ರ" ಎಂದ ಶಿದ್ರಾಯ. "ಅರಿವಿ ಅಂಗಡೀನ ನಿಮ್ಮದೈತಿ, ನಾ ಮತ್ತೆಲ್ಲಿ ಹುಡುಕಲಿ?"

"ಅದಕ್ಕೇನ್ರಿ! ಒಂದು ನೇರಳಿ ಬಣ್ಣದ್ದೈತಿ, ನಾಕ ವರ್ಷದಿಂದ ಯಾರೂ ಮುಟ್ಟಿಲ್ಲ. ಡೆಡ್‌ಸ್ಟಾಕಿಗೆ ಡೆಡ್‌ಸ್ಟಾಕ್!"

"ಹಂಗಾದ್ರ ಜೋಡಿ ಮ್ಯಾಲ ರೇಟಿನ್ಯಾಗ ಏನರ ಸೂಟ್ ಬಿಡ್ರಿ ಮತ್ತ!"

ಇಬ್ಬರೂ ನಕ್ಕರು. "ಏ ಗೌರಾ, ಆ ನೇರಳಿ ಸೀರಿ ತಗೊಂಬಾ" ಎಂದು ಶ್ರೀಶೈಲಪ್ಪ ಕೂಗಿದ. ಇನ್ನೊಮ್ಮೆ ಕೂಗಿದ. "ಕಿವುಡಿ ಆದೇನು?"

ಪರದೆ ಸರಿಯಿತು. ಗೌರವ್ವ ನೇರಳೆ ಸೀರೆ ಉಟ್ಟುಕೊಂಡೇ ಹೊರಗೆ ಬಂದಳು. ಮಡಿಕೆಯ ಗೆರೆಗಳು ಇನ್ನೂ ಹಾಗೇ ನಿಂತಿದ್ದವು. ಸೆರಗಿನಿಂದ ಒಂದು ಬೇವಿನೆಲೆ ಉದುರಿತು. ಮಟಮಟ ಮಧ್ಯಾಹ್ನ, ಎದುರಿನ ಅಂಗಡಿಯವರೂ ಕತ್ತೆತ್ತಿ ನೋಡಿದರು.

ಶಿದ್ರಾಯ ಚಹದ ಬಸಿ ಕೆಳಗಿಟ್ಟ. "ಇದೇನ್ರಿ ಇದು? ಉಟ್ಟ ಸೀರಿ ಉಡಿಕಿಗೆ ನಡಿಯೂದಿಲ್ಲ."

"ಗೊತ್ತೈತ್ರಿ" ಎಂದಳು ಗೌರವ್ವ. "ಇದು ನಮ್ಮಂಗಡಿ ಸೀರಿ. ತವರಮನಿ ಸೀರಿ ಮಗಳು ಉಟ್ಟಾಳ. ಇದಕ್ಕ ಯಾರೂ ಉಡಿಕಿ ಅನ್ನೂದಿಲ್ಲ."

"ಹೋಗ್ಲಿ ಬಿಡು, ನಾ ಬ್ಯಾರೇದು ತರತೀನಿ" ಎಂದ ಶಿದ್ರಾಯ.

"ತರ್ರಿ. ಅದನ್ನೂ ಹಗಲಿ ಉಟ್ಕೊಂಡು ಪ್ಯಾಟಿ ತುಂಬ ತಿರಗತೀನಿ. ಯಳವಿ ಶಿದ್ರಾಯಪ್ಪ ತಂದದ್ದು, ನಾ ವಲ್ಲೆ ಅಂದೀನಿ ಅಂತ ಮನಿಮನಿಗೆ ಹೇಳತೀನಿ."

ಎದುರಿನ ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿದ್ರಾಯ ರುಮಾಲು ಸರಿಮಾಡಿಕೊಂಡು ಎದ್ದ. "ಮನಿ ಹೆಣಮಗಳ ಬಾಯಿ ಕಟ್ಟಾಕ ಆಗ್ಲಿಲ್ಲಲಾ ಸಾವ್ಕಾರ್ರ ನಿಮಗ" ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ಗದ್ದಲ ಕೇಳಿ ಕಾಳವ್ವ ಬಂದು ಪರದೆ ಹಿಡಿದು ನಿಂತಳು. ಶ್ರೀಶೈಲಪ್ಪನ ಮುಖ ಕೆಂಪಾಗಿತ್ತು. "ಮಾನಾ ಕಳದಿ. ಇನ್ನ ನಿನ್ನ ಯಾರು ಒಯ್ಯತಾರ?"

"ಯಾರೂ ಒಯ್ಯೂದು ಬ್ಯಾಡ."

"ಮತ್ತ ಇಲ್ಲಿ ಕುಂತು ಏನ ಮಾಡತಿ?"

ಅಷ್ಟರಲ್ಲೇ ಗಾಣದ ಓಣಿಯ ಮೆಹಬೂಬಿ ಬೀದಿಯಲ್ಲಿ ನಿಂತಳು. ಗಂಡಸರು ಕೂತ ಅಂಗಡಿಗೆ ಅವಳು ಹತ್ತುತ್ತಿರಲಿಲ್ಲ. ಕೆಳಗಿನಿಂದಲೇ ಬೆರಳು ತೋರಿಸಿ, ಕೊಟ್ಟದ್ದನ್ನು ಒಯ್ಯುತ್ತಿದ್ದಳು. ಇಂದು ಹೆಣ್ಣು ನಿಂತದ್ದು ಕಂಡು ಮೆಟ್ಟಿಲು ಹತ್ತಿ ಬಂದಳು. ಗೌರವ್ವನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಯವ್ವಾ, ಇಂಥ ಬಣ್ಣ ಎಲ್ಲಿ ಬಚ್ಚಿಟ್ಟಿದ್ರಿ? ಮಗಳಿಗೆ ಕುಪ್ಪಸದ ಅರಿವಿ ಬೇಕಾಗಿತ್ತು. ಹಾಂ, ಆ ಹಸರು ತಗೀರಿ. ಎರಡು ಗಜ."

ಗೌರವ್ವ ಹಸಿರು ಥಾನನ್ನು ಎಳೆದು, ಅಣ್ಣನ ಪಕ್ಕದಲ್ಲೇ ಗಾದಿಯ ಅಂಚಿಗೆ ಕೂತು, ಅರಿವೆ ಹರವಿದಳು. ಅಳೆಯುವ ಗಜದ ಕೋಲು ಶ್ರೀಶೈಲಪ್ಪನ ತೊಡೆಯ ಕೆಳಗಿತ್ತು. ಅವನು ಬೀದಿಯ ಕಡೆ ಮುಖ ತಿರುಗಿಸಿದ್ದ. ಕಾಳವ್ವನ ಕಣ್ಣುಗಳು ನೆಲ ನೋಡುತ್ತಿದ್ದವು.

ಗೌರವ್ವ ಕೈ ಚಾಚಿದಳು.

"ಅಣ್ಣಾ, ಗಜಾ ಇತ್ತ ಕೊಡು."