ಒಂಬತ್ತು ಪ್ರಶ್ನೆಚಿಹ್ನೆ

ಜನನ ಮರಣ ನೋಂದಣಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸರ್ವರಕ್ಕ ಎಂದೇ ಕರೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ ಸದಾ ಗುಂಯ್‌ಗುಡುವ ಕಪ್ಪು ಯಂತ್ರವನ್ನೂ ಅದರೊಳಗಿನ ಡೇಟಾಬೇಸನ್ನೂ ನೋಡಿಕೊಳ್ಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಅದೇ ಕಿಟಕಿಯಿಲ್ಲದ ಕೋಣೆ. ಯಂತ್ರಕ್ಕೆ ತಂಪು ಬೇಕೆಂದು ಹಗಲಿಡೀ ಎ.ಸಿ. ಓಡುತ್ತಿದ್ದುದರಿಂದ ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ಅವಳು ಸ್ವೆಟರ್ ಹಾಕಿಕೊಂಡೇ ಕೂರುತ್ತಿದ್ದಳು. ‘ನಮ್ಮ ಅಕ್ಕಂಗೆ ವರ್ಷಪೂರ್ತಿ ಚಳಿಗಾಲ’ ಎಂದು ಕೌಂಟರಿನ ಠಸ್ಸೆ ಮಾಮ ತಮಾಷೆ ಮಾಡುತ್ತಿದ್ದ. ಕಂಡ ಕಾಗದಕ್ಕೆಲ್ಲ ಠಸ್ಸೆ ಒತ್ತುವ ಅವನಿಗೆ ಆ ಹೆಸರು ಬಿದ್ದು ಎಷ್ಟು ವರ್ಷವಾಗಿತ್ತೋ ಅವನಿಗೇ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ಹಳೆಯ ಯಂತ್ರ ಕೈಕೊಡುವ ಲಕ್ಷಣ ಕಂಡು ಹೊಸದನ್ನು ತರಿಸಿದ್ದರು. ಅದೇ ವಾರ ಅವಳ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೊಸ ಸರ್ವರನ್ನು ಅಣಿಗೊಳಿಸುವಾಗ ಅದು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ: ಭಾಷೆ ಯಾವುದು, ಯಾವ ಲಿಪಿಯ ಅಕ್ಷರಗಳನ್ನು ಇಟ್ಟುಕೊಳ್ಳಬೇಕು, ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು. ಪ್ರತಿ ಪ್ರಶ್ನೆಯ ಕೆಳಗೂ ಯಂತ್ರವೇ ಒಂದು ಉತ್ತರ ಬರೆದಿಟ್ಟಿರುತ್ತದೆ; ಬೇಡದಿದ್ದರೆ ನಾವು ಬದಲಿಸಬೇಕು. ಅವಳು ಅಂದು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಆಪರೇಷನ್ನಿಗೆ ಒಪ್ಪಿಗೆ ಕೇಳುತ್ತಿದ್ದ ಡಾಕ್ಟರಿಗೆ ಹೂಂ ಹೂಂ ಎನ್ನುತ್ತ, ಇತ್ತ ‘ಮುಂದೆ’, ‘ಮುಂದೆ’ ಎಂದು ಒತ್ತುತ್ತ ಹೋದಳು. ಸರ್ವರು ತನಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಬೇಡ ಎಂದು ತೀರ್ಮಾನಿಸಿಕೊಂಡು ಕೆಲಸಕ್ಕೆ ನಿಂತಿತು.

ಹನ್ನೊಂದು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಠಸ್ಸೆ ಮಾಮ ಟೈಪು ಮಾಡಿದಾಗ ಅವನ ಪರದೆಯ ಮೇಲೆ ಹೆಸರುಗಳು ಸರಿಯಾಗೇ ಕಾಣುತ್ತಿದ್ದವು. ಉಳಿಸಿದ ಮೇಲೆ ಮತ್ತೆ ತೆರೆದು ನೋಡುವ ಪುರುಸೊತ್ತು ಅವನಿಗೆಲ್ಲಿ? ಹನ್ನೆರಡನೆಯ ದಿನ ಪ್ರಮಾಣಪತ್ರಗಳನ್ನು ಒಟ್ಟಿಗೆ ಮುದ್ರಿಸಿದಾಗ ಒಂದರಲ್ಲೂ ಹೆಸರಿರಲಿಲ್ಲ. ಹೆಸರಿರಬೇಕಾದ ಕಡೆಯೆಲ್ಲ ಪ್ರಶ್ನೆಚಿಹ್ನೆಗಳ ಸಾಲು. ಆತುರದಲ್ಲಿ ಕೆಲವು ಹಾಗೆಯೇ ಜನರ ಕೈಗೂ ಹೋದವು.

ಆವತ್ತು ಅವಳು ಹತ್ತೇ ನಿಮಿಷದಲ್ಲಿ ಸೆಟ್ಟಿಂಗು ಸರಿಮಾಡಿದಳು. ಮುಂದಿನದೆಲ್ಲ ಸರಿಹೋಯಿತು, ಹಿಂದಿನದು ಹೋಗಿಯೇ ಹೋಗಿತ್ತು. ಅಕ್ಷರ ಕಲಸುಮೇಲೋಗರವಾಗಿದ್ದರೆ ಬಿಡಿಸಬಹುದಿತ್ತು. ಇದು ಹಾಗಲ್ಲ. ತನಗೆ ತಿಳಿಯದ ಪ್ರತಿ ಗುರುತಿನ ಜಾಗದಲ್ಲೂ ಸರ್ವರು ಒಂದು ಪ್ರಶ್ನೆಚಿಹ್ನೆ ಇಟ್ಟು ಮೂಲವನ್ನು ಎಸೆದುಬಿಟ್ಟಿತ್ತು. ಅಂಕಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಹುಟ್ಟಿದ ದಿನ, ಸತ್ತ ದಿನ, ಫೋನ್ ನಂಬರು ಎಲ್ಲವೂ ಇದ್ದವು. ಜನ ಬಾಯಲ್ಲಿ ಹೇಳಿದ್ದನ್ನು ನೇರವಾಗಿ ಟೈಪು ಮಾಡುವ ಪದ್ಧತಿ ಬಂದಿದ್ದರಿಂದ ಕಾಗದದ ಅರ್ಜಿಯೂ ಇರಲಿಲ್ಲ.

‘ತಂದುಕೊಟ್ಟ ಕಂಪನಿಯವರ ತಪ್ಪು ಅಂತ ಒಂದು ಸಾಲು ಬರೆದಿಡಿ’ ಎಂದಿದ್ದರು ಮೇಲಧಿಕಾರಿ. ‘ಜನ ಬಂದು ಕೇಳಿದ ಹಾಗೆ ತಿದ್ದಿಕೊಟ್ಟರಾಯ್ತು.’ ಅವಳು ಆ ಸಾಲು ಬರೆದಳು. ಬೀಸೋ ದೊಣ್ಣೆ ತಪ್ಪಿತು ಎಂದು ಆ ಕ್ಷಣಕ್ಕೆ ಹಗುರವಾದದ್ದೂ ನಿಜ.

ಬಂದವರದ್ದೆಲ್ಲ ತಿದ್ದಿದ್ದಾಯಿತು. ಬಾರದವರು ನಾನೂರ ಹನ್ನೆರಡು ಮಂದಿ ಉಳಿದರು. ಈಗ ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಮೇಲಿನಿಂದ ಪಟ್ಟಿ ಕೇಳಿದ್ದರು. ಮೇಲಧಿಕಾರಿ, ‘ಉಳಿದಿದ್ದಕ್ಕೆಲ್ಲ ಹೆಸರಿಲ್ಲ ಅಂತ ಹಾಕಿ ಮುಗಿಸಿಬಿಡಿ’ ಎಂದರು. ಒಂದೇ ಆಜ್ಞೆ ಕೊಟ್ಟರೆ ಅರ್ಧ ಸೆಕೆಂಡಿನ ಕೆಲಸ. ಅವಳು ಆಜ್ಞೆಯನ್ನು ಬರೆದಳು ಕೂಡ. ಒತ್ತುವುದಕ್ಕೆ ಬೆರಳು ಏಳಲಿಲ್ಲ. ಇವರಿಗೆಲ್ಲ ಹೆಸರಿತ್ತು, ಇಲ್ಲವಾಗಿಸಿದ್ದು ತಾನು.

ಅಂದಿನಿಂದ ಅವಳು ಫೋನ್ ಮಾಡತೊಡಗಿದಳು.

ದಿನಕ್ಕೆ ಮೂವತ್ತು ಕರೆ. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸಿ, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿ, ಬಸ್ಸಿನಲ್ಲಿ ನಿಂತುಕೊಂಡು ಬಂದು ಕೂತರೆ ಸಂಜೆಯವರೆಗೂ ಅದೇ ಮಾತು. ‘ನಮ್ಮ ತಪ್ಪಿಂದ ಹೆಸರು ಅಳಿಸಿಹೋಗಿದೆ, ದಯವಿಟ್ಟು ಹೇಳ್ತೀರಾ? ಮೊದಲನೇ ಅಕ್ಷರ ದೀರ್ಘವೋ ಹ್ರಸ್ವವೋ? ಒತ್ತು ಯಾವುದಕ್ಕೆ?’ ಕೆಲವರು ಬೈದರು. ಕೆಲವರು ಮೋಸದ ಕರೆಯೆಂದು ಫೋನ್ ಇಟ್ಟರು. ಒಬ್ಬ ಅಜ್ಜಿ ಸತ್ತ ಗಂಡನ ಹೆಸರು ಬಾಯಿಬಿಟ್ಟು ಹೇಳಲು ನಾಚಿ, ಮೊಮ್ಮಗಳನ್ನು ಕರೆದು ಹೇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಸರ್ವರಕ್ಕನ ಗಂಟಲು ಒಣಗಿ ಮರಳಾಗುತ್ತಿತ್ತು. ಠಸ್ಸೆ ಮಾಮ ಬಿಸಿನೀರು ತಂದಿಟ್ಟು, ‘ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲಕ್ಕ, ನಿಂಗೆ ಬುದ್ಧಿ ಜೊತೆ ಕೆಮ್ಮೂ ಬಂತು’ ಎನ್ನುತ್ತಿದ್ದ.

ಒಂದು ಉಪಾಯ ಮಾತ್ರ ಅವಳ ಕೈಯಲ್ಲಿತ್ತು. ಅಕ್ಷರಕ್ಕೊಂದು, ಕೊಂಬಿಗೊಂದು, ಒತ್ತಿಗೊಂದು ಎಂದು ಪ್ರಶ್ನೆಚಿಹ್ನೆ ಬಿದ್ದಿದ್ದರಿಂದ ಅವನ್ನು ಎಣಿಸಿದರೆ, ಹೇಳಿದ ಹೆಸರು ಬರೆಸಿದ ಹೆಸರೇ ಹೌದೋ ಅಲ್ಲವೋ ಎಂದು ತಾಳೆ ನೋಡಬಹುದಿತ್ತು.

ಎರಡನೆಯ ವಾರ, ಎರಡು ದಿನ ಬದುಕಿದ್ದ ಹೆಣ್ಣುಮಗುವೊಂದರ ಮರಣದ ದಾಖಲೆ ಬಂತು. ಮಗುವಿನ ಹೆಸರಿನ ಜಾಗದಲ್ಲಿ ಒಂಬತ್ತು ಪ್ರಶ್ನೆಚಿಹ್ನೆ. ತಂದೆಯ ನಂಬರಿಗೆ ಮಾಡಿದರೆ ಎತ್ತಲಿಲ್ಲ. ಕೆಳಗೆ ತಾಯಿಯ ನಂಬರಿತ್ತು. ಸರ್ವರಕ್ಕ ಒಂದು ಗುಟುಕು ಬಿಸಿನೀರು ಕುಡಿದಳು. ಆಮೇಲೆ ಮಾಡಿದಳು.

ಆ ಕಡೆಯಿಂದ ಮೊದಲು ಕೇಳಿಸಿದ್ದು ನೂರಾರು ಹೊಲಿಗೆ ಯಂತ್ರಗಳ ಸದ್ದು.

‘ನೋಂದಣಿ ಆಫೀಸಿಂದಮ್ಮ. ನಿಮ್ಮ ದಾಖಲೆಯಲ್ಲಿ ಒಂದು ಹೆಸರು ಅಳಿಸಿಹೋಗಿದೆ. ನಮ್ಮ ತಪ್ಪಿಂದ.’

‘ಯಾರ ಹೆಸರು?’

‘ಮಗುದು.’

ಹೊಲಿಗೆಯ ಸದ್ದು ದೂರವಾಯಿತು. ಯಾವುದೋ ಬಾಗಿಲು ಮುಚ್ಚಿಕೊಂಡಿತು.

‘ಅದಕ್ಕೆ ಹೆಸರು ಬರೆಸಿದ್ರಾ ಇವರು?’ ಎಂದಳು ಆ ಹೆಂಗಸು. ‘ನಂಗೆ ಗೊತ್ತೇ ಇಲ್ಲ ಮೇಡಂ. ನಾನಾಗ ಐಸಿಯುನಲ್ಲಿದ್ದೆ, ನೋಡೋಕೂ ಸಿಗಲಿಲ್ಲ ಅವಳು. ಎದ್ದು ಬಂದ ಮೇಲೆ ಮನೇಲಿ ಯಾರೂ ಆ ಮಾತೇ ಎತ್ತಲ್ಲ. ನಾನು ಎತ್ತಿದ್ರೆ ಇವರು ಎದ್ದು ಹೋಗಿಬಿಡ್ತಾರೆ.’

ಸರ್ವರಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

‘ನಾನು ಒಳಗೊಳಗೇ ಒಂದು ಹೆಸರಿಂದ ಕರೀತೀನಿ’ ಎಂದು ಆಕೆ ಒಂದು ಹೆಸರು ಹೇಳಿದಳು. ಸಣ್ಣ ಹೆಸರು, ಐದು ಗುರುತಿನದು.

‘ಚೆನ್ನಾಗಿದೆಯಮ್ಮ’ ಎಂದಳು ಸರ್ವರಕ್ಕ. ‘ಆದ್ರೆ ಬರೆಸಿರೋದು ಇನ್ನೂ ಉದ್ದ ಇದೆ. ನಿಮ್ಮ ಮನೆಯವರನ್ನ ಒಂದ್ಸಲ ಕಳಿಸ್ತೀರಾ?’

‘ಹೇಳಿ ನೋಡ್ತೀನಿ. ಬರ್ತಾರೋ ಇಲ್ವೋ.’

ಅವನು ಮರುದಿನವೇ ಬಂದ. ಕಟ್ಟಡ ಕಟ್ಟುವ ಕಡೆ ಕ್ರೇನ್ ಓಡಿಸುವವನು. ಕಿತ್ತಳೆ ಬಣ್ಣದ ಜಾಕೆಟ್ಟು ಇನ್ನೂ ಮೈಮೇಲಿತ್ತು. ಕುರ್ಚಿಯ ಅಂಚಿನಲ್ಲಿ ಕೂತು, ‘ಏನೋ ಬರೆಸಿದ್ದೆ ಮೇಡಂ, ನೆನಪಿಲ್ಲ. ಅವಳು ಏನು ಹೇಳಿದ್ಲೋ ಅದನ್ನೇ ಹಾಕಿಬಿಡಿ’ ಎಂದ.

ಹಾಕಿಬಿಡಬಹುದಿತ್ತು. ಇನ್ನೂ ಇನ್ನೂರ ಚಿಲ್ಲರೆ ಕರೆ ಬಾಕಿ ಇದ್ದವು. ಸಣ್ಣಗೆ ತಲೆನೋವು ಶುರುವಾಗಿತ್ತು. ಅವಳು ಹೂಂ ಎಂದು ಫಾರಂ ತೆರೆದಳು.

‘ತಾಯಿ ಹೆಸರು ಹೇಳಿ. ಅದೂ ಹೋಗಿದೆ.’

ಅವನು ಹೆಂಡತಿಯ ಹೆಸರು ಹೇಳಿದ. ಅವಳು ಅಭ್ಯಾಸಬಲದಿಂದ ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಒಂಬತ್ತು. ಬೆರಳು ತಾನಾಗಿ ಮೇಲಿನ ಸಾಲಿಗೆ, ಮಗುವಿನ ಹೆಸರಿನ ಜಾಗಕ್ಕೆ ಹೋಯಿತು. ಅಲ್ಲೂ ಒಂಬತ್ತು. ಒಂಬತ್ತು ಗುರುತಿನ ಹೆಸರುಗಳು ಬೇಕಾದಷ್ಟಿವೆ, ಅವಳೇನೂ ಅಂದುಕೊಂಡಿರಲಿಲ್ಲ. ಆದರೆ ಅವಳ ಬೆರಳನ್ನೇ ನೋಡುತ್ತಿದ್ದ ಅವನ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ‘ಅವಳಿಗೆ ಹೇಳಬೇಡಿ ಮೇಡಂ’ ಎಂದುಬಿಟ್ಟ.

‘ಏನು ಹೇಳಬಾರದು?’

ಅವನು ಹೆಲ್ಮೆಟ್ಟನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತ.

‘ಆವತ್ತು ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದಿದ್ದೆ. ನನ್ನ ಹೆಂಡತಿ ವಿಷಯದಲ್ಲೂ ಏನೂ ಹೇಳಕ್ಕಾಗಲ್ಲ ಅಂದಿದ್ರು ಡಾಕ್ಟರು. ಕೌಂಟರಲ್ಲಿ ಹೆಸರು ಅಂತ ಕೇಳಿದ್ರು. ಮಗುಗೆ ನಾವು ಹೆಸರೇ ಇಟ್ಟಿರಲಿಲ್ಲ. ಬಾಯಿಗೆ ಬಂದಿದ್ದು ಇವಳ ಹೆಸರೇ. ಅವರು ಟೈಪು ಮಾಡಿಕೊಂಡರು. ಬಸ್‌ಸ್ಟಾಪಿಗೆ ಹೋದ ಮೇಲೆ ತಲೆಗೆ ಹೊಳೀತು, ಸತ್ತೋರ ಪುಸ್ತಕದಲ್ಲಿ ಬದುಕಿರೋಳ ಹೆಸರು ಬರೆಸಿಬಂದೆ ಅಂತ. ವಾಪಸ್ ಬಂದು ಹೇಳೋಕೆ ಕಾಲೇ ಬರಲಿಲ್ಲ. ಅವಳು ಹುಷಾರಾಗಿ ಮನೆಗೆ ಬಂದ್ಲು. ಆದ್ರೂ ಅವಳು ಒಂದು ಸಲ ಕೆಮ್ಮಿದ್ರೆ ನಂಗೆ ಜೀವ ಹೋಗ್ತಿತ್ತು. ಆಮೇಲೆ ಸರ್ಟಿಫಿಕೇಟ್ ತಗೊಳ್ಳೋಕೆ ಬಂದೆ. ನೋಡಿದ್ರೆ ಬರೀ ಪ್ರಶ್ನೆಗುರುತು. ದೇವರೇ ಅಳಿಸಿದ ಅಂದ್ಕೊಂಡೆ.’

‘ದೇವರಲ್ಲ’ ಎಂದಳು ಸರ್ವರಕ್ಕ. ‘ನಾನು.’

ಅವನು ತಲೆಯೆತ್ತಿ ನೋಡಿದ. ಕಂಪನಿಯ ತಪ್ಪು ಎಂಬ ಸಾಲನ್ನು ಇಷ್ಟು ದಿನ ಆಫೀಸಿಗೆ ಬಂದವರಿಗೆಲ್ಲ ಹೇಳಿ ಹೇಳಿ ಅವಳ ನಾಲಿಗೆಗೆ ರೂಢಿಯಾಗಿತ್ತು. ಫೋನಿನಲ್ಲಿ ‘ನಮ್ಮ ತಪ್ಪು’ ಎನ್ನುವಾಗಲೂ ಆ ‘ನಮ್ಮ’ ಎಂಬುದರ ಮರೆಯಲ್ಲಿ ನಿಂತಿದ್ದಳು. ಈಗ ಈ ಮನುಷ್ಯನ ಮುಂದೆ ಮರೆ ಬೇಡವೆನಿಸಿತು. ಅಪ್ಪ ಬಿದ್ದದ್ದು, ಡಾಕ್ಟರಿನ ಫೋನು, ಓದದೆ ಒತ್ತಿದ್ದು ಎಲ್ಲವನ್ನೂ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು, ‘ನಿಮ್ಮಪ್ಪ ಈಗ ಹೇಗಿದ್ದಾರೆ?’ ಎಂದು ಕೇಳಿದ. ಎಂಟು ತಿಂಗಳಲ್ಲಿ ಆಫೀಸಿನೊಳಗೆ ಆ ಪ್ರಶ್ನೆ ಕೇಳಿದವರು ಇಬ್ಬರೋ ಮೂವರೋ.

‘ನಡೀತಾರೆ. ಬೈಕೊಂಡು ನಡೀತಾರೆ.’

ಇಬ್ಬರೂ ಸ್ವಲ್ಪ ನಕ್ಕರು.

‘ಬರೆಸಿದ್ದ ಹೆಸರನ್ನೇ ಬದಲಿಸಬೇಕಾದ್ರೆ ಫೋನಲ್ಲಿ ಆಗಲ್ಲ, ಇಬ್ಬರ ರುಜುನೂ ಬೇಕು’ ಎಂದಳು ಅವಳು. ‘ನಾನು ಅವರಿಗೆ ಏನೂ ಹೇಳಲ್ಲ. ಆದ್ರೆ ಅವರು ಕೇಳ್ತಾರೆ, ಮೊದಲು ಏನಿತ್ತು ಅಂತ. ಆಗ ಹೇಳಬೇಕಾದೋರು ನೀವು.’

ಶನಿವಾರ ಅರ್ಧ ದಿನದ ಆಫೀಸು. ಗಂಡಹೆಂಡತಿ ಹನ್ನೆರಡಕ್ಕೆ ಬಂದರು. ಆಕೆ ತೆಳ್ಳಗೆ, ಎತ್ತರಕ್ಕಿದ್ದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಲೆ. ಠಸ್ಸೆ ಮಾಮ ಇನ್ನೊಂದು ಕುರ್ಚಿ ತಂದುಹಾಕಿ, ಏನೋ ಇದೆಯೆಂದು ಅರಿತವನಂತೆ ಬಾಗಿಲು ಎಳೆದುಕೊಂಡು ಹೋದ.

ಆಕೆ ಫಾರಂ ಓದಿದಳು. ‘ಮೊದಲು ಏನಂತ ಬರೆಸಿದ್ರಿ?’ ಎಂದು ಗಂಡನನ್ನು ಕೇಳಿದಳು.

ಅವನು ಹೇಳಿದ. ನೆಲ ನೋಡಿಕೊಂಡು, ತೊದಲುತ್ತ, ಆದರೆ ಏನೂ ಬಿಡದೆ ಹೇಳಿದ. ಸರ್ವರಕ್ಕ ಪರದೆ ನೋಡುವ ಹಾಗೆ ನಟಿಸಿದಳು.

‘ಅದಕ್ಕಾ?’ ಎಂದಳು ಹೆಂಡತಿ ಕಡೆಗೆ. ‘ಮಗು ಮಾತೆತ್ತಿದ್ರೆ ಎದ್ದು ಹೋಗ್ತಿದ್ದಿದ್ದು ಅದಕ್ಕಾ?’

ಅವನು ತಲೆಯಾಡಿಸಿದ.

‘ನಾನೇನಂದ್ಕೊಂಡಿದ್ದೆ ಗೊತ್ತಾ? ನನ್ನಿಂದಲೇ ಹೀಗಾಯ್ತು ಅಂತ ನಿಮಗೆ ಕೋಪ ಅಂದ್ಕೊಂಡಿದ್ದೆ. ಎಂಟು ತಿಂಗಳು ರೀ!’

‘ಛೆ, ಇಲ್ಲ ಕಣೇ. ನಿನ್ನ ಮೇಲೆ ಯಾಕೆ ಕೋಪ?’

‘ನನ್ನ ಹೆಸರು ಬಿಟ್ಟರೆ ನಿಮ್ಮ ಬಾಯಿಗೆ ಬೇರೆ ಹೆಸರೇ ಬರಲಿಲ್ವಾ?’ ಎಂದು ಆಕೆ ನಗಲು ಹೋದಳು. ನಗು ಅರ್ಧದಲ್ಲೇ ಮುರಿದು ಅಳುವಾಯಿತು. ಅವನು ಆಕೆಯ ಬೆನ್ನಿನ ಮೇಲೆ ಕೈಯಿಟ್ಟು ಕೂತ. ಸರ್ವರಕ್ಕ ತನ್ನ ಸ್ವೆಟರನ್ನು ತೆಗೆದು ಆಕೆಯ ಹೆಗಲಿಗೆ ಹೊದಿಸಿದಳು. ಕೋಣೆ ನಿಜವಾಗಿಯೂ ತಣ್ಣಗಿತ್ತು.

ಅತ್ತು ಮುಗಿದ ಮೇಲೆ ಆಕೆ ಮೂಗು ಒರೆಸಿಕೊಂಡು ಹೆಸರನ್ನು ತಾನೇ ಬಿಡಿಸಿ ಹೇಳಿದಳು. ಸರ್ವರಕ್ಕ ಟೈಪು ಮಾಡಿ, ಉಳಿಸಿ, ದಾಖಲೆ ಮುಚ್ಚಿ, ಮತ್ತೆ ತೆರೆದು ತೋರಿಸಿದಳು. ಹೆಸರು ಇತ್ತು. ಇಬ್ಬರೂ ಪರದೆಯ ಹತ್ತಿರಕ್ಕೆ ಬಾಗಿ ಓದಿದರು. ಅವನು ಅದೇ ಮೊದಲ ಸಲ ಆ ಹೆಸರನ್ನು ಗಟ್ಟಿಯಾಗಿ ಅಂದ. ರುಜು ಹಾಕಿ, ಹೊಸ ಪ್ರಮಾಣಪತ್ರವನ್ನು ಮಡಚದೆ ಹಿಡಿದುಕೊಂಡು ಹೊರಟರು.

ಸೋಮವಾರ ಅವಳು ವರದಿ ಬರೆದಳು. ಹೊಸ ಸರ್ವರಿನ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗನ್ನು ನೋಡದೆ ಒಪ್ಪಿದವಳು ತಾನು, ಕಂಪನಿಯವರದು ಏನೂ ತಪ್ಪಿಲ್ಲ ಎಂದು ಬರೆದು ಸಹಿ ಮಾಡಿದಳು. ಮೇಲಧಿಕಾರಿ ಓದಿ ಕನ್ನಡಕ ತೆಗೆದರು.

‘ಮುಚ್ಚಿಹೋಗಿದ್ದನ್ನ ಯಾಕೆ ಕೆದಕ್ತೀರಿ? ಮೆಮೋ ಕೊಡಬೇಕಾಗುತ್ತೆ ನಾನು.’

‘ಕೊಡಿ ಸಾರ್.’

ಮೆಮೋ ಬಂತು. ಎರಡು ವಾಕ್ಯದ ಎಚ್ಚರಿಕೆ, ಅಷ್ಟೆ. ಅವಳು ಅದನ್ನು ಖಾನೆಯಲ್ಲಿ ಹಾಕಿ ಮತ್ತೆ ಫೋನಿಗೆ ಕೈಹಾಕಿದಳು. ಇನ್ನೂ ಹತ್ತು ದಿನ ಹಿಡಿಯಿತು. ಕೊನೆಗೂ ಮೂವತ್ತೊಂದು ಮಂದಿ ಸಿಗಲೇ ಇಲ್ಲ. ನಂಬರು ಬದಲಾಗಿತ್ತು, ಊರು ಬಿಟ್ಟಿದ್ದರು, ಕೆಲವರು ತಾವೇ ತೀರಿಕೊಂಡಿದ್ದರು. ಆ ದಾಖಲೆಗಳ ಮುಂದೆ ಅವಳು ‘ಹೆಸರಿಲ್ಲ’ ಎಂದು ಹಾಕಲಿಲ್ಲ. ‘ಹೆಸರು ಕೇಳಬೇಕಿದೆ’ ಎಂದು ಬರೆದಳು. ಮೇಲಧಿಕಾರಿ ಗೊಣಗಿದರು, ಆದರೆ ಪಟ್ಟಿ ಹಾಗೆಯೇ ಹೋಯಿತು.

ಆವತ್ತು ಸಂಜೆ ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ಕೂತದ್ದೇ ತಡ, ಕಣ್ಣು ಎಳೆದುಕೊಂಡು ಹೋಯಿತು. ಎಚ್ಚರವಾದಾಗ ಇಳಿಯುವ ಜಾಗ ದಾಟಿ ಮೂರು ಸ್ಟಾಪಾಗಿತ್ತು. ಇಳಿದು, ಬಿಸಿಲು ತಗ್ಗಿದ ರಸ್ತೆಯಲ್ಲಿ ಹಿಂದಕ್ಕೆ ನಡೆಯತೊಡಗಿದಳು. ಅಪ್ಪನ ಫೋನ್ ಬಂತು.

‘ಎಲ್ಲಿದ್ದೀಯೇ? ಎಷ್ಟು ಹೊತ್ತು?’

‘ಬರ್ತಿದ್ದೀನಪ್ಪ. ನಿದ್ದೆ ಬಂದುಬಿಟ್ಟಿತ್ತು.’

‘ಬಾ ಬಾ, ನಿಧಾನಕ್ಕೆ ಬಾ. ಎಡವಬೇಡ’ ಎಂದರು ಅಪ್ಪ.