ಯಾವ ಬದಿ ಮೇಲಿತ್ತು

ಎತ್ತಿದ ಕೊಡಲಿಯ ಕಾವನ್ನು ಗಿರೀಶ ಗಾಳಿಯಲ್ಲೇ ಹಿಡಿದ.

"ಇದ್ನ ಕಡಿಬೇಡ ಮಾವ."

ಶಂಭುಲಿಂಗ ಬೆವರೊರೆಸಿಕೊಂಡ. ಅಂಗಳದಲ್ಲಿ ಅವನ ತಾಯಿ ನಾಗಿಯ ಹೆಣ ಮಲಗಿತ್ತು. ಚಿತೆಗೆ ಇನ್ನೊಂದು ಹೊರೆ ಕಟ್ಟಿಗೆ ಬೇಕಿತ್ತು. ಹಿತ್ತಲಾಚೆ ಬಿದ್ದಿದ್ದ, ತೊಗಟೆ ಕಳಚಿದ ಕೊರಡನ್ನು ಈಗಷ್ಟೇ ಹೊತ್ತು ತಂದಿದ್ದರು.

"ಎಂತಕ್ಕೆ?"

"ಅಣಬೆ ಎದ್ದದೆ. ಅಣಬೆ ಎದ್ದ ಕೊರಡನ್ನ ಅಜ್ಜಿ ಒಲೆಗೆ ಹಾಕ್ತಿರಲಿಲ್ಲ."

"ಈಗ ಸುಡೂದು ಅವಳನ್ನೇ ಮಾರಾಯ."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

"ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಅವಳ ಬೆನ್ನಿಗೆ ಕಾಡು ತಿರುಗಿದ್ಯಲ್ಲ. ಇದು ಎಂಥ ಅಣಬೆ, ಹೇಳು ನೋಡ್ವ," ಎಂದ ಶಂಭುಲಿಂಗ.

ಗಿರೀಶನ ಕೆನ್ನೆ ಬಿಸಿಯಾಯಿತು. ವಜ್ರಳ್ಳಿಯ ಈ ಕೇರಿಯಲ್ಲಿ ಯಾರೇ ಅಣಬೆ ಕಿತ್ತರೂ ಎಲೆಯಲ್ಲಿ ಸುತ್ತಿ ನಾಗಿಯ ಮೆಟ್ಟಿಲಿಗೆ ತರುತ್ತಿದ್ದರು. ಅವಳು ಹೂಂ ಎಂದಮೇಲೇ ಅದು ಪಾತ್ರೆಗೆ. ಇನ್ನು ಯಾರ ಮೆಟ್ಟಿಲು? ಅವನೀಗ ತಪ್ಪಿದರೆ ಆ ರೂಢಿಯೂ ಅವಳ ಜೊತೆಗೇ ಸುಟ್ಟುಹೋಗುತ್ತದೆ.

*

ಶಾಲೆ ಬಿಟ್ಟ ವರ್ಷ. ಕೊರಡಿನ ಮೇಲೆ ಬಿಳಿ ಗೊಂಚಲು ಕಂಡದ್ದೇ "ತಿನ್ಲಕ್ಕು" ಎಂದು ಅವನು ಅರ್ಧ ಬುಟ್ಟಿ ಕಿತ್ತಿದ್ದ. ನಾಗಿ ಬುಟ್ಟಿಯನ್ನು ಹಳ್ಳಕ್ಕೆ ಬೋರಲು ಹಾಕಿದಳು.

"ತಿನ್ನೂದೇ ಆಗಿತ್ತು."

"ಮತ್ತೆ ಎಂತಕ್ಕೆ ಚೆಲ್ಲಿದೆ?"

"ನೀ ಮರ ನೋಡ್ಲಿಲ್ಲ. ಯಾರ ಮನೆ ಅಂತ ಕೇಳದೆ ಒಳಗಿದ್ದವರ ಹೆಸರು ಹೇಳ್ತ್ಯಾ?"

*

ಗಿರೀಶ ಮೊಣಕಾಲೂರಿದ. ಅಣಬೆಯನ್ನು ಮುಟ್ಟಲಿಲ್ಲ. ಕೊರಡಿನಿಂದ ಉಗುರಷ್ಟು ಸಿಬಿರು ಕಿತ್ತು, ತಿಕ್ಕಿ ಮೂಸಿದ.

"ಕಿಂದಳದ ಮರ."

ಶಂಭುಲಿಂಗ ಸಿಬಿರನ್ನು ಇಸಕೊಂಡು ತಾನೂ ಮೂಸಿದ. "ಹೌದು. ನಾ ಮಾವಿಂದು ಅಂದ್ಕಂಡಿದ್ದೆ."

ಆಮೇಲಷ್ಟೇ ಗಿರೀಶ ಬಾಗಿ ಬೀಸಣಿಗೆಯಂತೆ ಹರಡಿದ್ದ ಕಿತ್ತಳೆ ಬಣ್ಣದ ಅಣಬೆಗಳ ಅಡಿ ನೋಡಿದ. ಪದರಗಳಿಲ್ಲ, ಸೂಜಿ ಚುಚ್ಚಿದಂಥ ತೂತುಗಳು. ಚರ್ಮದಂತೆ ಗಟ್ಟಿ.

"ತಿನ್ನೂದಲ್ಲ."

"ಅಲ್ವಲ್ಲ. ಹಾಗಾರೆ ಕಡಿಯೂಕೆ ಎಂತ ಅಡ್ಡಿ?"

"ನಮ್ಗೆ ತಿನ್ಲಿಕ್ಕೆ ಬರದ್ದೆಲ್ಲ ಸುಡ್ಲಿಕ್ಕೆ ಅಂತ ಅಜ್ಜಿ ಯಾವತ್ತು ಹೇಳಿದ್ಳು? ಗುಡ್ಡದಿಂದ ನಾ ಬೇರೆ ಹೊರೆ ತರ್ತೆ. ಒಬ್ಬನೇ ತರ್ತೆ."

ಅವನು ಕೊರಡಿನ ಒಂದು ತುದಿ ಹಿಡಿದ. ಪಕ್ಕದ ಮನೆಯ ರಮ್ಯಶ್ರೀ ಜಗಲಿಯಿಂದ ಎದ್ದಳು.

"ಗಿರೀಶಣ್ಣ, ನಮ್ಮನೇಲೂ ನಿನ್ನೆ ಒಂದಿಷ್ಟು ಅಣಬೆ ಕಿತ್ತಿಟ್ಟಿದ್ರು. ನೀ ನೋಡೂವರೆಗೆ ಒಲೆ ಮೇಲೆ ಇಡೂದಿಲ್ಲ."

ಶಂಭುಲಿಂಗ ಅವಳನ್ನು ನೋಡಿದ, ಅಳಿಯನನ್ನು ನೋಡಿದ. ಕೊಡಲಿ ಕೆಳಗಿಟ್ಟು ಕೊರಡಿನ ಇನ್ನೊಂದು ತುದಿಗೆ ಕೈ ಕೊಟ್ಟ.

ಹಿತ್ತಲಾಚೆ, ಅದು ಮಲಗಿದ್ದ ಜಾಗದಲ್ಲಿ ತೇವದ ಮಣ್ಣು ಕೊರಡಿನ ಅಚ್ಚನ್ನು ಹಾಗೇ ಹಿಡಿದಿತ್ತು. ಇಳಿಸುವ ಮೊದಲು ಶಂಭುಲಿಂಗ ತಡೆದು ನಿಂತ.

"ಯಾವ ಬದಿ ಮೇಲಿತ್ತೋ?"

ಗಿರೀಶ ಗದ್ದ ಎತ್ತಿ ತೋರಿಸಿದ. ಮಾವ ಭಾರವನ್ನೆಲ್ಲ ತೋಳಲ್ಲೇ ತಾಳಿ, ಒಂದು ಬೀಸಣಿಗೆಯೂ ಮುರಿಯದಂತೆ, ಮೆಲ್ಲಗೆ ತಿರುಗಿಸಿದ.